ಚೀಟಿ ಯಾರದೆಂದು ಕೇಳದ ಹೊಸ ಜವಾನ

ನನ್ನಂಥ ಜವಾನ ಈ ಜಿಲ್ಲೆಯಲ್ಲೇ ಹುಟ್ಟಿಲ್ಲ. ಆದರೂ ಅವತ್ತು ಪುರಸಭೆಯ ಸಾಹೇಬರು ಕರೆಸಿ ನನ್ನ ಕೆಲಸಕ್ಕೇ ಕತ್ತರಿ ಹಾಕಿದರು.

"ಇನ್ನು ಪುರಸಭೆಯ ವೆಬ್‌ಸೈಟೇ ಎಲ್ಲಾ ತಂದುಕೊಡುತ್ತೆ. ಅರ್ಜಿಯ ಜೊತೆಗಿಡೋ ಚಿತ್ರ ಎಲ್ಲಿದೆ ಅಂತ ವಿಳಾಸ ಕೊಟ್ಟರೆ ಸಾಕು, ಅದೇ ಹೋಗಿ ತರುತ್ತೆ. ಸೋಮವಾರದಿಂದ ನೀನು ಬರಬೇಡ" ಎಂದರು ಸಾಹೇಬರು.

"ಯಾರು ಕೊಟ್ಟರೂ ತರುತ್ತಾ ಸ್ವಾಮಿ?"

"ಯಾರು ಕೊಟ್ಟರೂ!"

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಇದ್ದೆ. ಚೀಟಿ ಯಾರದೆಂದು ಕೇಳದೆ, ಬೀಗದ ಕೋಣೆಯ ಕಡತ ಹೊರಗಿನವನಿಗೆ ಕೊಟ್ಟು ಬೈಸಿಕೊಂಡಿದ್ದೆ.

ಆ ಕೋಣೆಯಲ್ಲೀಗ ಕಡತಗಳನ್ನೆಲ್ಲ ತುಂಬಿಟ್ಟ ಕಂಪ್ಯೂಟರಿದೆ, ಹೊರಗಿನವರಿಗೆ ಅದು ಬಾಗಿಲು ತೆರೆಯದು. ಅದರ ವಿಳಾಸ ಬರೀ ಅಂಕಿ, ನೆತ್ತಿಯ ಮೇಲೇ ಅಂಟಿಸಿದ್ದಾರೆ. ದಿನಾ ಧೂಳು ಒರೆಸುವ ನನಗದು ಬಾಯಿಪಾಠ. ಚಿತ್ರದ ವಿಳಾಸ ಕೇಳುವ ಜಾಗದಲ್ಲಿ, ಸಾಹೇಬರ ಎದುರಿಗೇ ಆ ಅಂಕಿಗಳನ್ನು ಒತ್ತಿದೆ. ವೆಬ್‌ಸೈಟು ಒಳಗೆ ಓಡಿ ಸಾಹೇಬರ ಗುಟ್ಟಿನ ಕಡತಗಳನ್ನೆಲ್ಲ ತಂದು ಹರಡಿತು.

ಸಾಹೇಬರು ಬೆವೆತುಹೋದರು. "ಇದಕ್ಕೆ ಬುದ್ಧಿ ಹೇಳೋರು ಯಾರಯ್ಯಾ?"

"ಹೊಸ ಜವಾನ ಅಲ್ಲವೇ ಸ್ವಾಮಿ! ಸೋಮವಾರ ಬಂದು ಕಲಿಸ್ತೀನಿ."