ಹೊಗೆ ತೆರಿಗೆಯ ಒಪ್ಪಿಗೆ

"ಪ್ರಜೆಗಳನ್ನು ನನ್ನಷ್ಟು ಪ್ರೀತಿಸುವ ದೊರೆ ಭೂಮಿಯ ಮೇಲೆ ಇನ್ನೊಬ್ಬನಿದ್ದರೆ ತೋರಿಸಿ!" ಎಂದು ಕರಿಗಲ್ಲು ದುರ್ಗದ ಪಾಳೆಯಗಾರ ವೀರಬೊಮ್ಮ ನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಯಾರೂ ತೋರಿಸಲಿಲ್ಲ. ತೋರಿಸಿದವರ ಗತಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಇಂಥ ಪ್ರೀತಿಯ ನಾಯಕ ಆಗಷ್ಟೇ ಹೊಗೆ ತೆರಿಗೆ ಹಾಕಿದ್ದ. ಯಾರ ಸೂರಿನಿಂದ ಹೊಗೆ ಏಳುತ್ತದೋ ಅವರು ತೆರಿಗೆ ಕಟ್ಟಬೇಕು. ಜನ ಒಲೆ ಹಚ್ಚುವುದನ್ನೇ ಬಿಟ್ಟು ಹಸಿ ಹಿಟ್ಟನ್ನು ನೀರಲ್ಲಿ ಕಲಸಿ ಕುಡಿಯತೊಡಗಿದರು. ಕುಂಬಾರರು ಏನು ಮಾಡಿಯಾರು? ಬೆಂಕಿಯಿಲ್ಲದೆ ಮಡಕೆ ಸುಡುವುದು ಹೇಗೆ? ತೆರಿಗೆ ಕಟ್ಟಲಾಗದ ಅವರ ಯಜಮಾನ ಗುರುಬಸವ ಕೋಟೆಯ ಸೆರೆ ಸೇರಿದ್ದ.

ಅವನ ಹೆಂಡತಿ ಈರವ್ವ, ಆಸ್ಥಾನದ ದುಭಾಷಿ ಅಪ್ರಮೇಯನ ಜಗಲಿಯಲ್ಲಿ ಕೂತು ಅತ್ತಿದ್ದಳು. "ಸ್ವಾಮಿ, ದೊರೆಗೆ ನಿಮ್ಮ ಮಾತು ಕೇಳಿಸ್ತದೆ. ನಮ್ಮದು ಕೇಳಿಸೋದಿಲ್ಲ."

"ನೋಡೋಣ ತಾಯಿ, ಅಳಬೇಡ" ಎಂದಿದ್ದ ಅಪ್ರಮೇಯ.

ಅವನು ಪುದುಚೇರಿಯಲ್ಲಿದ್ದು ಫ್ರೆಂಚರ ಭಾಷೆ ಕಲಿತವನು. ಅವನಿಗೆ ಆ ದಿನ ಸಭೆಯಲ್ಲಿ ಕೆಲಸವಿತ್ತು. ಮೊರಾನ್ ಎಂಬ ಫ್ರೆಂಚ್ ಕಪ್ತಾನ ಫಿರಂಗಿ ಮಾರಲು ಬಂದಿದ್ದ. ಅಮೇರಿಕದಲ್ಲಿ ಇಂಗ್ಲಿಷರ ವಿರುದ್ಧ ಕಾದಾಡಿ ಬಂದವನು.

"ಅಲ್ಲಿಯ ಜನ ತಮ್ಮ ದೊರೆಯ ಸೈನ್ಯವನ್ನೇ ಹೊಡೆದೋಡಿಸಿದರಂತಲ್ಲ, ಯಾಕಂತೆ?" ಎಂದು ನಾಯಕ ಕೇಳಿದ.

ಕಪ್ತಾನ ಎರಡೇ ಮಾತಾಡಿದ. ಅಪ್ರಮೇಯ ಅದನ್ನು ಉದ್ದಕ್ಕೆ ಕನ್ನಡಿಸಿದ: "ತೆರಿಗೆಗಾಗಿ, ಪ್ರಭು. ನಮ್ಮ ಪ್ರತಿನಿಧಿ ಒಪ್ಪದೆ ಬಿಡಿಗಾಸೂ ಕೊಡುವುದಿಲ್ಲ ಅಂದರಂತೆ. ದೊರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಅವರಿಗೆ ದೊರೆಯೇ ಇಲ್ಲವಂತೆ."

ನಾಯಕನ ಕೈ ತಾನಾಗಿ ಗದ್ದುಗೆಯ ದಿಂಬನ್ನು ಹಿಡಿದುಕೊಂಡಿತು. "ಆ ಪ್ರತಿನಿಧಿಯನ್ನು ಆರಿಸುವವರು ಯಾರು?"

"ಪ್ರಜೆಗಳೇ. ಅಲ್ಲಿ ಮನುಷ್ಯರೆಲ್ಲ ಸಮಾನರಂತೆ."

"ಎಲ್ಲರೂ?"

ಕಪ್ತಾನ ಕೊಂಚ ಕೆಮ್ಮಿ ಏನೋ ಹೇಳಿದ. ಅಪ್ರಮೇಯ ಕೆಮ್ಮನ್ನು ಬಿಟ್ಟು ಮಿಕ್ಕಿದ್ದನ್ನು ಹೇಳಿದ: "ಗುಲಾಮರನ್ನು ಬಿಟ್ಟು, ಪ್ರಭು. ಆ ನೆಲದ ಮೂಲ ಜನರನ್ನು ಬಿಟ್ಟು. ಹೆಚ್ಚುಕಡಿಮೆ ಹೆಂಗಸರನ್ನೆಲ್ಲ ಬಿಟ್ಟು. ಆಸ್ತಿಯಿಲ್ಲದವರನ್ನೂ ಬಹಳ ಕಡೆ ಬಿಟ್ಟು."

ನಾಯಕನ ಮುಖ ಅರಳಿತು. "ಆಹಾ! ಇಂಥ ಸಮಾನತೆ ನಮಗೂ ಒಗ್ಗುತ್ತದೆ! ಆಸ್ತಿಯಿದ್ದವರೆಲ್ಲ ಕೈ ಎತ್ತಿ. ಈ ಪಾಳೆಯದ ಪ್ರಜೆಗಳ ಪ್ರತಿನಿಧಿ ನಾನೇ!"

ಸಭೆಯಲ್ಲಿದ್ದ ಆಸ್ತಿವಂತರೆಂದರೆ ನಾಯಕನ ಮಾವ, ಭಾವಮೈದುನ ಮತ್ತು ದಳವಾಯಿ. ದಳವಾಯಿ ಎರಡೂ ಕೈ ಎತ್ತಿದ.

"ಅಪ್ರಮೇಯ, ನಾಳೆ ಊರವರ ಮುಂದೆ, ಆ ದೇಶದ ಪದ್ಧತಿಯಂತೆಯೇ ಹೊಗೆ ತೆರಿಗೆಗೆ ಒಪ್ಪಿಗೆ ಆಗಬೇಕು. ಆಮೇಲೆ ಒಬ್ಬರೂ ಗೊಣಗಕೂಡದು. ಒಂದೇ ಒಂದು ಲೋಪವಾದರೂ ಗುರುಬಸವನ ಪಕ್ಕದಲ್ಲಿ ನಿನಗೂ ಜಾಗ ಉಂಟು."

"ಅಪ್ಪಣೆ, ಪ್ರಭು."

ಮರುದಿನ ಕೋಟೆಯ ಅಂಗಳದಲ್ಲಿ ಊರೇ ನೆರೆಯಿತು. ನಾಯಕ ಗದ್ದುಗೆಯ ಮೇಲೆ ಕೂತು ಗುಡುಗಿದ: "ದೊರೆಯಾದ ನಾನು ಹೊಗೆ ತೆರಿಗೆ ಕೇಳುತ್ತಿದ್ದೇನೆ!"

ಅಪ್ರಮೇಯ ಕೈಮುಗಿದ. "ಕೇಳಿದ್ದಾಯಿತು. ಒಪ್ಪಬೇಕಾದ ಪ್ರತಿನಿಧಿ ಎಲ್ಲಿ?"

"ನಾನೇ ಕಣಯ್ಯ!"

"ಪ್ರತಿನಿಧಿ ನಿಲ್ಲುವ ಜಾಗ ಅದಲ್ಲ, ಪ್ರಭು. ಇಲ್ಲಿ, ಜನರ ನಡುವೆ."

ನಾಯಕ ಇಳಿದು ಬಂದ. "ಸರಿ. ಪ್ರತಿನಿಧಿಯಾದ ನಾನು ಒಪ್ಪಿದೆ!"

"ಯಾರಿಗೆ ಒಪ್ಪಿದಿರಿ? ಗದ್ದುಗೆ ಖಾಲಿಯಿದೆ."

ನಾಯಕ ದಡದಡನೆ ಮೇಲೆ ಹತ್ತಿ ಕೂತ. "ನನಗೆ!"

"ಈಗ ಒಪ್ಪುವವರು ಇಲ್ಲವಾದರು."

ನಾಯಕ ಮತ್ತೆ ಇಳಿದ, ಮತ್ತೆ ಹತ್ತಿದ. ರುಮಾಲು ಕಿವಿಯ ಮೇಲೆ ಜಾರಿತು. ಜನ ತುಟಿ ಕಚ್ಚಿಕೊಂಡು ನಗು ತಡೆದರು.

"ಏನಯ್ಯ ಇದು ಪೀಡೆ! ಕೂತರೆ ಒಪ್ಪುವವರಿಲ್ಲ, ನಿಂತರೆ ಕೇಳುವವರಿಲ್ಲ!"

"ಅದಕ್ಕೇ ಆ ದೇಶದವರು ಎರಡು ಕೆಲಸಕ್ಕೆ ಬೇರೆ ಬೇರೆ ಜನ ಇಟ್ಟಿದ್ದಾರೆ, ಪ್ರಭು. ಬೇರೊಬ್ಬ ಪ್ರತಿನಿಧಿಯನ್ನು ಆರಿಸೋಣವೇ?"

"ಛೆ! ಜನ ಮೆಚ್ಚಿ ಆರಿಸಿರುವುದು ನನ್ನನ್ನು. ನೀನು ಒಂದು ಗಳಿಗೆ ಗದ್ದುಗೆಯ ಮೇಲೆ ಕೂರು. ತೆರಿಗೆ ಕೇಳು, ನಾನು ಒಪ್ಪುತ್ತೇನೆ, ಮುಗಿಯಿತು."

"ಸುಮ್ಮನೆ ಕೂತರೆ ಲೋಪವಾಗುತ್ತದೆ. ಕೂತವನು ನಿಜವಾದ ದೊರೆಯಾಗಿರಬೇಕು."

"ಎಲ್ಲರೂ ಕೇಳಿ! ನಾನು 'ಇಳಿ' ಅನ್ನುವವರೆಗೆ ಇವನೇ ದೊರೆ. ಇವನ ಮಾತೇ ಶಾಸನ!"

ಅಪ್ರಮೇಯ ಹತ್ತಿ ಕೂತ. ಕೆಳಗೆ ನಾಯಕನ ಪಕ್ಕದಲ್ಲೇ ಈರವ್ವ ನಿಂತಿದ್ದಳು.

"ಪ್ರತಿನಿಧಿಗಳೇ, ನಿಮ್ಮ ಜನ ಇಂದು ಏನು ಉಂಡರು?"

ನಾಯಕ ಅತ್ತಿತ್ತ ನೋಡಿದ. ಈರವ್ವ ಮೆಲ್ಲಗೆ ಹೇಳಿದಳು: "ಹಸಿ ಹಿಟ್ಟು, ಬುದ್ಧೀ."

ನಾಯಕ ಅವಳ ಮುಖ ನೋಡಿದ. ಅಷ್ಟು ಹತ್ತಿರದಿಂದ ಅವನು ಯಾರ ಹಸಿವನ್ನೂ ನೋಡಿರಲಿಲ್ಲ. "ಹಸಿ ಹಿಟ್ಟು" ಎಂದು ಗೊಣಗಿದ.

"ಹಾಗಾದರೆ ದೊರೆಯ ಅಪ್ಪಣೆ ಕೇಳಿ. ಹೊಗೆ ತೆರಿಗೆ ರದ್ದು. ಗುರುಬಸವನನ್ನು ಈಗಲೇ ಬಿಡತಕ್ಕದ್ದು. ಪ್ರತಿನಿಧಿಯ ಒಪ್ಪಿಗೆ ಇದೆಯೇ?"

"ಇದೆ!" ಎಂದು ಅಂಗಳವೇ ಕೂಗಿತು. ಆ ಕೂಗಿನ ನಡುವೆ ಸಿಕ್ಕಿಕೊಂಡ ಪ್ರತಿನಿಧಿಯ ಬಾಯಿಂದಲೂ ಸಣ್ಣದೊಂದು "ಇದೆ" ಜಾರಿಬಿತ್ತು.

ಜಾರಿದ ಮೇಲೆ ನಾಯಕನಿಗೆ ಎಚ್ಚರವಾಯಿತು. "ಇಳಿಯೋ ಕೆಳಗೆ!"

ಮಾತು ಮುಗಿಯುವುದರೊಳಗೆ ಅಪ್ರಮೇಯ ನೆಲದ ಮೇಲಿದ್ದ, ಕೈಮುಗಿದು.

ಅತ್ತ ಕಪ್ತಾನ ಯಾರ ಅನುವಾದಕ್ಕೂ ಕಾಯದೆ ತೊಡೆ ತಟ್ಟಿಕೊಂಡು ನಗುತ್ತಿದ್ದ. ನಾಯಕ ಹಲ್ಲು ಕಡಿದ, ಜನರನ್ನು ನೋಡಿದ, ಕೊನೆಗೆ ತನ್ನ ಜಾರಿದ ರುಮಾಲನ್ನು ಮುಟ್ಟಿ ನೋಡಿಕೊಂಡು ತಾನೂ ನಕ್ಕುಬಿಟ್ಟ. ಹೆಗಲ ಶಾಲು ತೆಗೆದು ಅಪ್ರಮೇಯನಿಗೆ ಹೊದಿಸಿದ.

"ಒಂದು ಗಳಿಗೆ ಕೂತು ನನ್ನ ತೆರಿಗೆಯನ್ನೇ ನುಂಗಿದೆಯಲ್ಲೋ! ನಿಜ ಹೇಳು, ಇನ್ನೂ ಸ್ವಲ್ಪ ಹೊತ್ತು ಕೂರೋಣ ಅನ್ನಿಸಲಿಲ್ಲವೇ?"

"ಅನ್ನಿಸಿತು, ಪ್ರಭು. ಅದಕ್ಕೇ ಹೆದರಿ ಜಿಗಿದೆ. ಇನ್ನೊಂದು ಗಳಿಗೆ ಕೂತಿದ್ದರೆ ನಾನೇ ಹೊಸದೊಂದು ತೆರಿಗೆ ಹಾಕಿಬಿಡುತ್ತಿದ್ದೆ!"