ರಾಹುಕಾಲಕ್ಕೆ ಕಾದವರು

ಗುಂಡ್ಲಪಾಳ್ಯದ ಹುಣಸೆತೋಪಿನಲ್ಲಿ, ನಾಲ್ಕು ಕಂಬದ ಮೇಲೆ ತೆಂಗಿನಗರಿ ಹೊದಿಸಿದ ಒಂದು ಚಪ್ಪರವೇ ಪೂಜ್ಯ ಶ್ರೀ ತೋಪಿನ ತಾತನವರ ಆಶ್ರಮ. ಬಂದವರಿಗೆ ಉಪದೇಶ ಮಾಡುವುದಕ್ಕಿಂತ ಅವರು ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಊಟದೆಲೆ ಹಚ್ಚುತ್ತಿದ್ದುದೇ ಹೆಚ್ಚು. ಎದುರಿಗೆ ಕೂತವರ ಕೈಗೂ ನಾಲ್ಕು ಎಲೆ, ಒಂದು ಹಿಡಿ ಕಡ್ಡಿ ಕೊಡುತ್ತಿದ್ದರು. ಆ ಮಹಾತ್ಮರ ಸನ್ನಿಧಿಗೆ ವಾಚ್ ರಿಪೇರಿಯ ಚಿಕ್ಕರಂಗಪ್ಪನವರು ಬಂದ ಪ್ರಸಂಗವನ್ನು ನೆನೆದರೆ ಇಂದಿಗೂ ನಗು ಬರುತ್ತದೆ, ಕಣ್ಣೂ ತುಂಬುತ್ತದೆ.

ರಂಗಪ್ಪನವರು ಊರಿಗೊಬ್ಬರೇ ನಾಸ್ತಿಕರು. ದೇವರಿಲ್ಲ ಎಂದು ಬಾಯಲ್ಲಿ ಹೇಳಿ ಸುಮ್ಮನಾಗುವ ಜಾಯಮಾನ ಅವರದಲ್ಲ. ಅಂಗಡಿಯ ಬಾಗಿಲು ತೆಗೆಯುತ್ತಿದ್ದುದೇ ರಾಹುಕಾಲಕ್ಕೆ. ಸೋಮವಾರ ಬೆಳಗ್ಗೆ ಏಳೂವರೆಗೆ ತೆಗೆದರೆ, ಭಾನುವಾರ ಸಂಜೆ ನಾಲ್ಕೂವರೆಗೆ! ಪಾಪ, ಗಿರಾಕಿಗಳು ಕೆಟ್ಟ ಗಡಿಯಾರ ಹಿಡಿದುಕೊಂಡು ಪಂಚಾಂಗ ನೋಡಿ ಬರಬೇಕಿತ್ತು. ಯುಗಾದಿಗೆ ಎಲ್ಲರಿಗಿಂತ ಮೊದಲು ಹೊಸ ಪಂಚಾಂಗ ಕೊಳ್ಳುತ್ತಿದ್ದವರೂ ಇವರೇ. ಪುರೋಹಿತ ವೆಂಕಣ್ಣ ಜೋಯಿಸರಿಗೆ ಏನಾದರೂ ಸಂಶಯ ಬಂದರೆ ಈ ಅಂಗಡಿಗೇ ಬಂದು ಕೇಳುತ್ತಿದ್ದರು.

ಸಂಕಟ ಬಂದದ್ದು ಮಗಳು ವನಜಾಳ ಮದುವೆಗೆ. ಅವಳೇ ಮೆಚ್ಚಿದ ಹುಡುಗ. ಗಂಡಿನವರೂ ಒಳ್ಳೆಯವರು, ಪುರೋಹಿತರು ಬೇಡ, ಮಂತ್ರ ಬೇಡ, ಹಾರ ಬದಲಾಯಿಸಿದರೆ ಸಾಕು ಎಂದು ಒಪ್ಪಿದ್ದರು. ಆದರೆ ರಂಗಪ್ಪನವರು ಮೂರು ದಿನ ಪಂಚಾಂಗ ತಿರುವಿ, ಆಷಾಢದ ಅಮಾವಾಸ್ಯೆಯೂ ಭಾನುವಾರವೂ ಕೂಡಿದ ದಿನದ ಸಂಜೆಯ ರಾಹುಕಾಲವನ್ನೇ ಹೆಕ್ಕಿ ತೆಗೆದರು. ಗಂಡಿನ ಊರಿಗೆ ಹೋಗುವ ಕಡೆಯ ಬಸ್ಸು ನಾಲ್ಕು ಗಂಟೆಗೆ. ಬೆಳಗಿನ ಹೊತ್ತು ಇಟ್ಟುಕೊಳ್ಳಿ ಎಂದು ಬೀಗರು ಕೈಮುಗಿದರು. ಇವರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಶನಿವಾರದೊಳಗೆ ಹೊತ್ತು ಬದಲಿಸದಿದ್ದರೆ ಸಂಬಂಧವೇ ಬೇಡ ಎಂದು ಬೀಗರಿಂದ ಕಾಗದ ಬಂತು.

“ಅಪ್ಪ, ದೇವ್ರಿಲ್ಲ ಅಂತ ನಂಗೂ ಅನ್ಸುತ್ತೆ. ಆದ್ರೆ ಬಸ್ಸು ಐತಲ್ಲಪ್ಪ!” ಎಂದು ವನಜಾ ಅತ್ತಳು.

ಹೆಂಡತಿ ಪುಟ್ಟತಾಯಮ್ಮನವರು ತಾತನವರಲ್ಲಿಗೆ ಬರಲೇಬೇಕೆಂದು ಗಂಡನಿಗೆ ಗಂಟುಬಿದ್ದರು. ಹೋಗುವುದಾದರೆ ರಾಹುಕಾಲದಲ್ಲೇ ಎಂಬ ಷರತ್ತಿನ ಮೇಲೆ ರಂಗಪ್ಪನವರು ಹೊರಟರು. ಗುರುವಾರ, ಮಧ್ಯಾಹ್ನ ಒಂದೂವರೆಯ ಉರಿಬಿಸಿಲು. ತೋಪು ಮುಟ್ಟುವಷ್ಟರಲ್ಲಿ ಆಸ್ತಿಕರೂ ನಾಸ್ತಿಕರೂ ಒಂದೇ ಸಮ ಬೆವತಿದ್ದರು.

“ನಾನು ದೇವರನ್ನ ನಂಬಲ್ಲ,” ಎಂದರು ರಂಗಪ್ಪನವರು, ನಿಂತೇ.

“ಆಗ್ಲಿ, ಕೂತ್ಕೊಳಪ್ಪ,” ಎಂದು ತಾತನವರು ಎಲೆ ಕೊಟ್ಟರು.

ವಾದಕ್ಕೆ ಸೊಂಟ ಕಟ್ಟಿ ಬಂದಿದ್ದವರಿಗೆ ಪೆಚ್ಚಾಯಿತು. “ನಂಬದೆ ಇರೋದೂ ಒಂದು ನಂಬಿಕೇನೇ ಅಂತಾರೆ ಎಲ್ರೂ. ನೀವೂ ಅದನ್ನೇ ಅನ್ನಿ ಮತ್ತೆ!”

“ಅದೆಂಗಪ್ಪ ಆಗ್ತದೆ? ಊಟ ಮಾಡ್ದೆ ಇರೋನ್ನ ಉಂಡವ್ನೆ ಅಂತಾರಾ?”

ಇಪ್ಪತ್ತು ವರ್ಷದಿಂದ ಹರಿತ ಮಾಡಿಟ್ಟುಕೊಂಡಿದ್ದ ಉತ್ತರಕ್ಕೆ ಕೆಲಸವೇ ಇಲ್ಲವಾಗಿ, ರಂಗಪ್ಪನವರು ಕೂತು ಎಲೆ ಕೈಗೆ ತೆಗೆದುಕೊಂಡರು. ತಾತನವರು ಕಡ್ಡಿ ಮುರಿಯುತ್ತಾ, “ರಾಹುಕಾಲದ ಮೇಲೆ ಯಾಕಪ್ಪ ಅಷ್ಟು ಸಿಟ್ಟು?” ಎಂದು ಮೆಲ್ಲಗೆ ಕೇಳಿದರು.

ಅದನ್ನು ಅವರಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಅವರಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿಗೆ ಹಾವು ಕಚ್ಚಿತ್ತು. ತಂದೆ ಗಾಡಿ ಕಟ್ಟಿ ತಾಯಿಯನ್ನು ಮಲಗಿಸಿದರು. ಅಷ್ಟರಲ್ಲಿ ಯಾರೋ ರಾಹುಕಾಲ ಎಂದರು. ಮೂಗುದಾರ ಹಿಡಿದುಕೊಂಡು ತಂದೆ ಒಂದೂವರೆ ಗಂಟೆ ಬಾಗಿಲಲ್ಲೇ ನಿಂತರು.

“ಅವ್ವನ ತಲೆ ನನ್ನ ತೊಡೆ ಮೇಲಿತ್ತು. ‘ಗಾಡಿ ಹೊಡೀರಿ’ ಅಂತ ಎರಡು ಸಲ ಅಂದ್ಲು,” ಎಂದರು ರಂಗಪ್ಪನವರು. ಗಾಡಿ ಹೊರಡುವ ಹೊತ್ತಿಗೆ ಅವ್ವ ಇರಲಿಲ್ಲ.

ತಾತನವರ ಕೈ ನಿಂತಿತು. “ನಿನ್ನ ಜಾಗದಲ್ಲಿ ನಾನಿದ್ರೂ ದೇವರನ್ನ ಬಿಡ್ತಿದ್ದೆ,” ಎಂದರು. ಪುಟ್ಟತಾಯಮ್ಮನವರು ಗಾಬರಿಯಾಗಿ ಪಟಪಟನೆ ಗಲ್ಲ ಬಡಿದುಕೊಂಡರು.

“ಆದ್ರೆ ರಂಗಪ್ಪ, ರಾಹುಕಾಲ ಮುಗೀಲಿ ಅಂತ ನಿಮ್ಮಪ್ಪ ಕಾದ. ಅದು ಬರ್ಲಿ ಅಂತ ನೀನು ಕಾಯ್ತಿದೀಯ. ಗಾಡಿ ಇನ್ನೂ ಬಾಗಿಲಲ್ಲೇ ನಿಂತೈತೆ. ಈಗ ಅದ್ರಾಗೆ ನಿನ್ನ ಮಗಳು ಕೂತವ್ಳೆ. ಗಾಡಿ ಹೊಡಿಯಪ್ಪ.”

ರಂಗಪ್ಪನವರು ಮೊಣಕಾಲಿಗೆ ಮುಖ ಒತ್ತಿ, ಒಂಬತ್ತು ವರ್ಷದವರಂತೆ ಬಿಕ್ಕಿ ಬಿಕ್ಕಿ ಅತ್ತರು. ಅವತ್ತೇ ಬೀಗರಿಗೆ ಕಾಗದ ಬರೆದು, ನಿಮಗೆ ಬಸ್ಸು ಸಿಗುವ ದಿನ, ಸಿಗುವ ಹೊತ್ತಿಗೆ ಬನ್ನಿ ಎಂದರು.

ದೇವರಿದ್ದಾನೆ ಎಂದು ಅವರು ಕೊನೆಯವರೆಗೂ ಒಪ್ಪಲಿಲ್ಲ. ಒಪ್ಪಿದೆಯಾ ಎಂದು ತಾತನವರೂ ಕೇಳಲಿಲ್ಲ. ಮನಸ್ಸು ಬಂದಾಗಲೆಲ್ಲ ರಂಗಪ್ಪನವರು ತೋಪಿಗೆ ಹೋಗಿ ಎಲೆ ಹಚ್ಚಿ ಬರುತ್ತಿದ್ದರು. ಮದುವೆಯ ಊಟದೆಲೆಗಳನ್ನೆಲ್ಲ ತಾತನವರೇ ಕಳಿಸಿದರು. ಅವುಗಳಲ್ಲಿ ಸಾರು ಸೋರಿದವು ಮಾತ್ರ ರಂಗಪ್ಪನವರು ಹಚ್ಚಿದವು.

ಮದುವೆಯ ಬುಧವಾರ ಬೀಗರ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ ತಡವಾಯಿತು. ಅವರು ಇಳಿದದ್ದೇ ತಡ, ವನಜಾ ಹಾರ ಹಿಡಿದು ನಿಂತಳು. ಊಟಕ್ಕೆಂದು ಬಂದಿದ್ದ ಜೋಯಿಸರಿಗೆ ತಡೆಯಲಾಗಲಿಲ್ಲ. ರಂಗಪ್ಪನವರ ಕಿವಿಯ ಹತ್ತಿರ ಬಾಗಿ, “ರಂಗಪ್ಪ, ರಾಹುಕಾಲ ಈಗ ಇದ್ಯೋ, ಮುಗೀತೋ?” ಎಂದರು.

ಮದುವೆ ಚಪ್ಪರದಲ್ಲಿದ್ದವರೆಲ್ಲ ರಂಗಪ್ಪನವರ ಮುಖ ನೋಡಿದರು. ರಂಗಪ್ಪನವರು ಮಗಳ ಮುಖ ನೋಡುತ್ತಿದ್ದರು.

“ಗೊತ್ತಿಲ್ಲ ಜೋಯಿಸ್ರೆ,” ಎಂದರು. “ಇವತ್ತು ನೋಡ್ಲಿಲ್ಲ.”