ಶಾಲು ಹೊದ್ದ ಬಿಸಿಪಂಪು

ಕಥೆ ಬೇಕಾ? ಬಿಟ್ಟಿ ಕೊಡಲ್ಲ. ನೀವು ಹೂಂ ಕೊಡಿ, ನಾನು ಕಥೆ ಕೊಡ್ತೀನಿ. ಹೂಂ ನಿಂತರೆ ಕಥೆಯೂ ನಿಂತಿತು. ಒಪ್ಪಿಗೆಯಾ? ಸರಿ, ಕೇಳಿ.

ಚಳಿಗುಡ್ಡ ಅಂತ ಒಂದು ಊರು. ಆ ಊರಲ್ಲಿ ಚೆಲುವಿ ಅಂತ ಒಬ್ಬ ಹುಡುಗಿ. ಚೆಲುವಿಗೆ ಒಬ್ಬಳು ಅಜ್ಜಿ. ಅಜ್ಜಿಗೆ ಒಂದು ಮಡಿಲು. ಆ ಮಡಿಲಲ್ಲಿ ಕೂತರೆ ಚೆಲುವಿಗೆ ಬೇರೆ ಕುರ್ಚಿ ಬೇಡ.

ಒಂದು ಬೆಳಗ್ಗೆ ಚೆಲುವಿ ಎದ್ದಳು. ಕಣ್ಣುಜ್ಜಿದಳು. ಅಜ್ಜಿ ಹತ್ತಿರ ಬಂದಳು. ನೋಡಿದರೆ ಮಡಿಲೇ ಇಲ್ಲ.

ಅಜ್ಜಿ ಜಗಲಿ ತುದಿಯಲ್ಲಿ ಕೂತಿದ್ದಾಳೆ. ಕಾಲು ಒನಕೆ ಹಾಗೆ ನೆಟ್ಟಗೆ ಚಾಚಿದ್ದಾಳೆ. ಚೆಲುವಿ ಆ ಕಾಲ ಮೇಲೆ ಕೂತಳು. ಜರ್ರ್ ಅಂತ ಜಾರಿದಳು. ಮತ್ತೆ ಕೂತಳು. ಮತ್ತೆ ಜಾರಿದಳು.

"ಅಜ್ಜಿ, ಅಜ್ಜಿ, ನನ್ನ ಮಡಿಲೆಲ್ಲಿ?"

"ಮೊಣಕಾಲು ಮಡಚಿದರೆ ತಾನೇ ಕಣೇ ಮಡಿಲು? ದಿನಾ ಬೆಚ್ಚನೆ ಕೊಳದಲ್ಲಿ ನಡೀತಿದ್ದೆ. ಮಡಚ್ತಿತ್ತು. ಇವತ್ತು ಕೊಳಕ್ಕೆ ಕಾಲಿಟ್ಟೆ. ಕೊರೆಯೋ ನೀರು. ಮೊಣಕಾಲು ಮುನಿಸಿಕೊಂಡಿತು. ನನ್ನನ್ನೇನು ಕೇಳ್ತೀಯ? ಹೋಗಿ ಕೊಳವನ್ನೇ ಕೇಳು."

ಚೆಲುವಿ ಹೋದಳು. ಊರ ಈಜುಕೊಳದ ಹತ್ತಿರ ಹೋದಳು. ದಂಡೆಗೆ ಹೋಗಲಿಲ್ಲ. ದೊಡ್ಡವರಿಲ್ಲದೆ ದಂಡೆಗೆ ಹೋಗಬಾರದು. ದೂರ ನಿಂತು ಕೂಗಿದಳು.

"ಕೊಳವೇ, ಕೊಳವೇ!
ನನಗೆ ಮಡಿಲಿಲ್ಲ.
ಮೊಣಕಾಲು ಮಡಚದು.
ನೀನು ಬೆಚ್ಚಗಾಗ್ತೀಯಾ?"

ಕೊಳ ಗಡಗಡ ನಡುಗುತ್ತಿತ್ತು. "ನಾನಾ? ಆಗಲ್ಲ. ನನ್ನಷ್ಟಕ್ಕೆ ನಾನು ತಣ್ಣಗೇ ಇರೋದು. ನನಗೆ ಬಿಸಿ ಕೊಡೋದು ಬಿಸಿಪಂಪು. ರಾತ್ರಿ ಆ ಬಿಸಿ ಆರದ ಹಾಗೆ ಕಾಯೋದು ನನ್ನ ಹೊದಿಕೆ. ನಿನ್ನೆ ಬಿಸಿಪಂಪಿನ ಉದ್ಘಾಟನೆ ಅಂತ ನನ್ನ ಹೊದಿಕೆ ಹಾಸಿಕೊಂಡು ಊರೆಲ್ಲ ಅದರ ಮೇಲೆ ಕೂತಿತು. ಎದ್ದು ಹೋಯಿತು. ನನಗೆ ಹೊದಿಸಲೇ ಇಲ್ಲ. ಬಿಸಿಪಂಪೂ ಬಿಸಿ ಕಳಿಸಲಿಲ್ಲ. ಹೋಗಿ ಅದನ್ನು ಕೇಳು."

ಚೆಲುವಿ ಹೋದಳು. ಕೊಳದ ಆಚೆ ಬಯಲಲ್ಲಿ ಒಂದು ಸಿಮೆಂಟು ಕಟ್ಟೆ. ಕಟ್ಟೆ ಮೇಲೆ ಮಟ್ಟಸವಾಗಿ ಕೂತಿದೆ ಬಿಸಿಪಂಪು. ಬೀರುವಿನಷ್ಟು ದಪ್ಪ. ಹೊಟ್ಟೆಯಲ್ಲಿ ಒಂದು ಫ್ಯಾನು. ಸುತ್ತ ತಂತಿ ಬೇಲಿ. ಚೆಲುವಿ ಬೇಲಿ ಹೊರಗೇ ನಿಂತಳು.

"ಬಿಸಿಪಂಪೇ, ಬಿಸಿಪಂಪೇ!
ನನಗೆ ಮಡಿಲಿಲ್ಲ.
ಮೊಣಕಾಲು ಮಡಚದು.
ಕೊಳ ಬೆಚ್ಚಗಾಗದು.
ನೀನು ಬಿಸಿ ಕೊಡ್ತೀಯಾ?"

ಬಿಸಿಪಂಪು ಘುರ್ರ್, ಘುರ್ರ್ ಅಂತ ಏದುಸಿರು ಬಿಟ್ಟಿತು. ಅದರ ಕೆಳಗೆ ಒಂದಿಷ್ಟು ನೀರು ನಿಂತಿತ್ತು.

"ಏನದು?" ಅಂದಳು ಚೆಲುವಿ. "ಉಚ್ಚೆ ಹೊಯ್ದುಕೊಂಡೆಯಾ?"

"ಬೆವರು ಅದು," ಅಂತು ಬಿಸಿಪಂಪು. "ಕೆಲಸ ಮಾಡೋರು ಬೆವರ್ತಾರೆ. ಕೇಳು. ನನ್ನ ಹೊಟ್ಟೇಲಿ ಬೆಂಕಿ ಇಲ್ಲ. ನಾನು ಗಾಳಿ ಎಳೀತೀನಿ. ಗಾಳಿಯ ಬಿಸಿ ತೆಗೀತೀನಿ. ನೀರಿಗೆ ಕೊಡ್ತೀನಿ. ಒಂದು ಕಡೆ ಕೊಳ್ಳೋದು, ಇನ್ನೊಂದು ಕಡೆ ಕೊಡೋದು. ಅಷ್ಟೇ ನನ್ನ ವ್ಯಾಪಾರ. ಈಗ ಗಾಳಿಯೇ ಇಲ್ಲ. ನನ್ನ ಮೇಲೇನಿದೆ ನೋಡು."

ಚೆಲುವಿ ನೋಡಿದಳು. ಜರಿ ಅಂಚಿನ ದಪ್ಪ ಶಾಲು. ಹಿಂದೂ ಶಾಲು, ಮುಂದೂ ಶಾಲು. ಉಸಿರಾಡೋಕೆ ಕಿಂಡಿ ಇಲ್ಲ. ನಿನ್ನೆ ಊರವರು ಬಿಸಿಪಂಪಿಗೆ ಸನ್ಮಾನ ಮಾಡಿದ್ದರು. ಕೆಲಸ ಶುರುವಾಗಿ ಎಷ್ಟೋ ದಿನದ ಮೇಲೆ ಉದ್ಘಾಟನೆ. ಉದ್ಘಾಟನೆ ಅಂದ ಮೇಲೆ ಸನ್ಮಾನ. ಸನ್ಮಾನ ಅಂದ ಮೇಲೆ ಶಾಲು. ಬೇಲಿಗೆ ಎರಡು ದೊಡ್ಡ ಬಾಳೆಕಂದು ಬೇರೆ.

ಚೆಲುವಿ ಕೈ ಚಾಚಿದಳು. "ಎಳೆದುಬಿಡ್ಲಾ?"

"ಬೇಡ, ಬೇಡ," ಅಂತು ಬಿಸಿಪಂಪು. "ನನ್ನೊಳಗೆ ಕರೆಂಟಿದೆ. ಫ್ಯಾನು ತಿರುಗ್ತಿದೆ. ಬೇಲಿ ಒಳಗೆ ಬರಬೇಡ. ಅಲ್ಲಿಂದಲೇ ಶಾಲನ್ನು ಕೇಳು."

"ಶಾಲೇ, ಶಾಲೇ!
ನನಗೆ ಮಡಿಲಿಲ್ಲ.
ಮೊಣಕಾಲು ಮಡಚದು.
ಕೊಳ ಬೆಚ್ಚಗಾಗದು.
ಬಿಸಿಪಂಪು ಉಸಿರಾಡದು.
ನೀನು ಇಳೀತೀಯಾ?"

ಶಾಲು ಜರಿ ಮಿಂಚಿಸಿತು. "ಇಳಿಯೋದಾ? ನಾನೇನು ಮೈ ಒರೆಸೋ ಟವಲ್ಲಾ? ಸನ್ಮಾನದ ಶಾಲು ನಾನು. ಹೊದಿಸಿದವರೇ ಬಂದು ತೆಗೀಬೇಕು. ಹೋಗಿ ಅಧ್ಯಕ್ಷರನ್ನು ಕೇಳು."

ಚೆಲುವಿ ಹೋದಳು. ಊರ ಅಧ್ಯಕ್ಷ ಪುಟ್ಟಬಸಪ್ಪನವರು ಕಾಫಿ ಕುಡೀತಿದ್ದರು.

"ಅಧ್ಯಕ್ಷರೇ, ಅಧ್ಯಕ್ಷರೇ!
ನನಗೆ ಮಡಿಲಿಲ್ಲ.
ಮೊಣಕಾಲು ಮಡಚದು.
ಕೊಳ ಬೆಚ್ಚಗಾಗದು.
ಬಿಸಿಪಂಪು ಉಸಿರಾಡದು.
ಶಾಲು ಇಳಿಯದು.
ನೀವು ತೆಗೀತೀರಾ?"

ಅಧ್ಯಕ್ಷರು ಲೋಟ ಕೆಳಗಿಟ್ಟರು. "ಪಾಪ, ಬಯಲಲ್ಲಿ ನಿಂತಿದೆ, ಚಳಿ ಆಗುತ್ತೆ ಅಂತ ದಪ್ಪಂದೇ ಹೊದಿಸಿದ್ದೆ ಕಣಮ್ಮ. ನಾನೇ ಹೊದಿಸಿ ನಾನೇ ಕಿತ್ತುಕೊಂಡರೆ ಊರು ಏನನ್ನುತ್ತೆ? ಅದು ಹಾಗಿರಲಿ. ಒಳಗೆ ಕರೆಂಟು ಓಡ್ತಿದೆ. ನಾನು ಅಧ್ಯಕ್ಷ ಅಂತ ಕರೆಂಟಿಗೆ ಗೊತ್ತಾ? ಸ್ವಿಚ್ಚು ಆರಿಸದೆ ನಾನು ಕೈ ಹಾಕಲ್ಲ. ಹೋಗಿ ವೈರ್‌ಮನ್ ದಸ್ತಗೀರನನ್ನು ಕೇಳು."

ಚೆಲುವಿ ಹೋದಳು. ವೈರ್‌ಮನ್ ದಸ್ತಗೀರ್ ಮಾಮ ಕಂಬದ ಕೆಳಗೆ ತಂತಿ ಸುತ್ತುತ್ತಿದ್ದರು.

"ದಸ್ತಗೀರ್ ಮಾಮ, ದಸ್ತಗೀರ್ ಮಾಮ!
ನನಗೆ ಮಡಿಲಿಲ್ಲ.
ಮೊಣಕಾಲು ಮಡಚದು.
ಕೊಳ ಬೆಚ್ಚಗಾಗದು.
ಬಿಸಿಪಂಪು ಉಸಿರಾಡದು.
ಶಾಲು ಇಳಿಯದು.
ಅಧ್ಯಕ್ಷರು ಕೈ ಹಾಕರು.
ನೀವು ಸ್ವಿಚ್ಚು ಆರಿಸ್ತೀರಾ?"

"ನಾನು ಮುಟ್ಟಲ್ಲ ಮರಿ," ಅಂದರು ಮಾಮ. "ಆ ಸ್ವಿಚ್ಚು ಕಬ್ಬಿಣದ ಡಬ್ಬಿಯೊಳಗಿದೆ. ಅರ್ಥಿಂಗ್ ಗುಂಡಿ ಒಣಗಿ ಕೂತಿದೆ. ಗುಂಡಿ ನೆನೆಯೋವರೆಗೂ ಆ ಡಬ್ಬಿ ಮುಟ್ಟಲ್ಲ. ನನಗೂ ಮನೇಲಿ ಬಿರಿಯಾನಿ ಕಾಯ್ತಿದೆ."

"ಅರ್ಥಿಂಗ್ ಅಂದರೇನು ಮಾಮ? ಅರ್ಥ ಆಗಲಿಲ್ಲ."

"ತಪ್ಪಿಸಿಕೊಂಡ ಕರೆಂಟು ನಮ್ಮ ಮೈಗೆ ಬರಬಾರದು. ನೆಲಕ್ಕೆ ಇಳಿದು ಹೋಗಬೇಕು. ಅದಕ್ಕೊಂದು ದಾರಿ. ಆ ದಾರಿ ಒದ್ದೆ ಇರಬೇಕು. ಅರ್ಥ ಆಯ್ತಾ? ಹೋಗಿ ಗುಂಡಿಯನ್ನು ಕೇಳು. ಮುಚ್ಚಳ ಮಾತ್ರ ತೆಗೀಬೇಡ."

ಚೆಲುವಿ ಹೋದಳು. ಗೋಡೆ ಹಿಂದೆ ಅರ್ಥಿಂಗ್ ಗುಂಡಿ. ಮೇಲೆ ಮುಚ್ಚಳ.

"ಗುಂಡಿಯೇ, ಗುಂಡಿಯೇ!
ನನಗೆ ಮಡಿಲಿಲ್ಲ.
ಮೊಣಕಾಲು ಮಡಚದು.
ಕೊಳ ಬೆಚ್ಚಗಾಗದು.
ಬಿಸಿಪಂಪು ಉಸಿರಾಡದು.
ಶಾಲು ಇಳಿಯದು.
ಅಧ್ಯಕ್ಷರು ಕೈ ಹಾಕರು.
ದಸ್ತಗೀರ್ ಮಾಮ ಸ್ವಿಚ್ಚು ಮುಟ್ಟರು.
ನೀನು ನೆನೀತೀಯಾ?"

ಮುಚ್ಚಳದ ಕೆಳಗಿಂದ ಒಣ ಕೆಮ್ಮು ಬಂತು. "ನನ್ನ ಹತ್ತಿರ ಉಪ್ಪಿದೆ. ಇದ್ದಿಲಿದೆ. ನೀರಿಲ್ಲ. ನಿನ್ನೆ ಎಲ್ಲರಿಗೂ ಪಾನಕ ಕೊಟ್ಟರು. ನನಗೆ ಒಂದು ಬಿಂದಿಗೆ ನೀರು ಕೊಟ್ಟೋರಿಲ್ಲ. ಹೋಗಿ ಬಿಂದಿಗೆಯನ್ನು ಕೇಳು."

ಚೆಲುವಿ ಹೋದಳು. ಬಿಂದಿಗೆ ನಲ್ಲಿ ಪಕ್ಕದಲ್ಲಿ ಬೋರಲು ಬಿದ್ದಿತ್ತು.

"ಬಿಂದಿಗೆಯೇ, ಬಿಂದಿಗೆಯೇ!
ನನಗೆ ಮಡಿಲಿಲ್ಲ.
ಮೊಣಕಾಲು ಮಡಚದು.
ಕೊಳ ಬೆಚ್ಚಗಾಗದು.
ಬಿಸಿಪಂಪು ಉಸಿರಾಡದು.
ಶಾಲು ಇಳಿಯದು.
ಅಧ್ಯಕ್ಷರು ಕೈ ಹಾಕರು.
ದಸ್ತಗೀರ್ ಮಾಮ ಸ್ವಿಚ್ಚು ಮುಟ್ಟರು.
ಗುಂಡಿ ನೆನೆಯದು.
ನೀನು ತುಂಬ್ತೀಯಾ?"

"ತುಂಬೋಕೆ ನಾನು ರೆಡಿ," ಅಂತು ಬಿಂದಿಗೆ ಡಣ್ ಅಂತ. "ನನ್ನನ್ನು ಎಲ್ಲಿಡ್ತೀಯ? ನಲ್ಲಿ ಕೆಳಗೆ ಮೇಕೆ ಮಲಗಿದೆ. ನಾನು ಹೋದರೆ ಗುಮ್ಮುತ್ತೆ. ಈ ಸೊಟ್ಟೆ ನೋಡು, ಅದರದ್ದೇ ಕೆಲಸ. ಹೋಗಿ ಮೇಕೆಯನ್ನು ಕೇಳು."

ಹೋಗೋದೇನು, ಮೇಕೆ ಅಲ್ಲೇ ಇತ್ತು. ಚೆಲುವಿ ಉಸಿರೆಳೆದುಕೊಂಡಳು. ನೀವೂ ಎಳೆದುಕೊಳ್ಳಿ.

"ಮೇಕೆಯೇ, ಮೇಕೆಯೇ!
ನನಗೆ ಮಡಿಲಿಲ್ಲ.
ಮೊಣಕಾಲು ಮಡಚದು.
ಕೊಳ ಬೆಚ್ಚಗಾಗದು.
ಬಿಸಿಪಂಪು ಉಸಿರಾಡದು.
ಶಾಲು ಇಳಿಯದು.
ಅಧ್ಯಕ್ಷರು ಕೈ ಹಾಕರು.
ದಸ್ತಗೀರ್ ಮಾಮ ಸ್ವಿಚ್ಚು ಮುಟ್ಟರು.
ಗುಂಡಿ ನೆನೆಯದು.
ಬಿಂದಿಗೆ ತುಂಬದು.
ನೀನು ಏಳ್ತೀಯಾ?"

ಮೇಕೆ ಒಂದು ಕಣ್ಣು ಬಿಟ್ಟಿತು. "ಎದ್ದರೆ ಏನು ಕೊಡ್ತೀಯ?"

ಹೂಂ. ಇದಪ್ಪ ಮಾತು. ಇಷ್ಟು ಹೊತ್ತು ಎಲ್ಲರೂ ಅವರನ್ನು ಕೇಳು, ಇವರನ್ನು ಕೇಳು ಅಂದರು. ಮೇಕೆ ಒಂದೇ ವ್ಯಾಪಾರಕ್ಕೆ ಬಂತು.

"ಏನು ಬೇಕು?" ಅಂದಳು ಚೆಲುವಿ.

"ಬಾಳೆ. ಹಸಿರು ಬಾಳೆ. ನಿನ್ನೆ ಊರಿಗೆಲ್ಲ ಬಾಳೆ ಎಲೆಯಲ್ಲಿ ಊಟ. ನನಗೆ ಎಂಜಲೆಲೆಯೂ ಸಿಗಲಿಲ್ಲ."

ಬಾಳೆ ಎಲ್ಲಿದೆ? ನಿಮಗೆ ಗೊತ್ತು. ಚೆಲುವಿಗೂ ಗೊತ್ತು. ಓಡಿದಳು. ಬೇಲಿ ಹೊರಗೇ ನಿಂತಳು.

"ಬಿಸಿಪಂಪೇ, ನಿನ್ನ ಬಾಳೆಕಂದು ಕೊಡ್ತೀಯಾ?"

"ತಗೊಂಡು ಹೋಗು ತಾಯಿ," ಅಂತು ಬಿಸಿಪಂಪು. "ಬೇಲಿಯ ಹೊರಗಡೆ ಕಟ್ಟಿದ್ದಾರೆ, ಹೊರಗಿಂದಲೇ ಬಿಚ್ಚು. ಎದುರಿಗೆ ನಿಂತು ಅದೂ ನನ್ನ ಗಾಳಿ ತಡೀತಿದೆ."

ಚೆಲುವಿ ಹೊರಗಿಂದಲೇ ಗಂಟು ಬಿಚ್ಚಿದಳು. ಬಾಳೆಕಂದು ದರದರ ಎಳೆದಳು. ಮೇಕೆ ಮೂಸಿತು. ಎದ್ದಿತು.

ಮೇಕೆ ಎದ್ದಿತು, ಬಿಂದಿಗೆ ಕೂತಿತು. ನಲ್ಲಿ ಬಿಟ್ಟರೆ ಗುಳುಗುಳು, ಗುಳುಗುಳು. ಬಿಂದಿಗೆ ತುಂಬಿತು.

ಬಿಂದಿಗೆ ತುಂಬಿತು, ಚೆಲುವಿ ಕೂಗಿದಳು. ದಸ್ತಗೀರ್ ಮಾಮ ಬಂದರು. "ತುಂಬೋದು ನಿನ್ನ ಕೆಲಸ, ಹೊಯ್ಯೋದು ನನ್ನ ಕೆಲಸ. ದೂರ ನಿಲ್ಲು," ಅಂದರು. ಹೊಯ್ದರು. ಗುಂಡಿ ನೆನೆಯಿತು. ಆಹಾ ಅಂತು.

ಗುಂಡಿ ನೆನೆಯಿತು, ಮಾಮ ಕೈ ಒರೆಸಿಕೊಂಡರು. ಒಣ ಕೈ, ಕಾಲಿಗೆ ರಬ್ಬರ್ ಚಪ್ಪಲಿ. ಟಕ್. ಸ್ವಿಚ್ಚು ಆರಿತು. ಡಬ್ಬಿಗೆ ಬೀಗ ಹಾಕಿ ಬೀಗದಕೈ ಜೇಬಿಗೆ ಹಾಕಿಕೊಂಡರು.

ಸ್ವಿಚ್ಚು ಆರಿತು, ಅಧ್ಯಕ್ಷರು ಬಂದರು. "ಈಗಲೇ ಬೇಡ ಸಾರ್," ಅಂದರು ಮಾಮ. "ಫ್ಯಾನು ನಿಲ್ಲಲಿ." ಎಲ್ಲರೂ ಕಾದರು. ಗಿರ್ರ್. ಗಿರ್ರ್. ಗಿ. ನಿಂತಿತು.

ಅಧ್ಯಕ್ಷರು ಶಾಲಿಗೆ ಕೈ ಹಾಕಿದರು. ಕೈ ಹಿಂದೆ ತೆಗೆದರು. "ಜನ ಏನಂತಾರೆ? ಕೊಟ್ಟ ಶಾಲು ಕಿತ್ತುಕೊಂಡ ಅಂತಾರೆ."

ಚೆಲುವಿ ಅಂದಳು: "ಕಿತ್ತುಕೊಳ್ಳಬೇಡಿ ಅಧ್ಯಕ್ಷರೇ. ಅಜ್ಜಿಗೆ ಹೊದಿಸಿ. ಅಜ್ಜಿಗೆ ನಿಜವಾಗ್ಲೂ ಚಳಿ ಆಗುತ್ತೆ."

ಅಧ್ಯಕ್ಷರು ಯೋಚಿಸಿದರು. ತಲೆದೂಗಿದರು. ಶಾಲು ಎತ್ತಿದರು. ಶಾಲು ಇಳಿಯಿತು. ಅಂಟಿದ್ದ ಹೂವಿನ ದಳಗಳನ್ನೂ ಒಂದೊಂದಾಗಿ ಆರಿಸಿದರು.

"ಈಗ ಹಾಕ್ತೀನಿ," ಅಂದರು ಮಾಮ. "ಮೊದಲು ನೀರು. ಆಮೇಲೆ ಬಿಸಿ. ನೀರು ಓಡದೆ ಇದನ್ನು ಹಾಕಿದರೆ, ಖಾಲಿ ಪಾತ್ರೆ ಇಟ್ಟು ಒಲೆ ಹಚ್ಚಿದ ಹಾಗೆ." ನೀರಿನ ಮೋಟಾರು ಹಾಕಿದರು. ಕೊಳವೆಯಲ್ಲಿ ಸುಳುಸುಳು ಅಂತ ನೀರು ಓಡಿತು. ಆಮೇಲೆ ಬಿಸಿಪಂಪು ಹಾಕಿದರು.

ಉಸ್ಸ್. ಬಿಸಿಪಂಪು ಉಸಿರಾಡಿತು. ಹಿಂದಿನಿಂದ ಗಾಳಿ ಎಳೆಯಿತು. ಮುಂದಿನಿಂದ ತಣ್ಣನೆ ಗಾಳಿ ಬಿಟ್ಟಿತು. ಅಧ್ಯಕ್ಷರ ಪಂಚೆ ಪಟಪಟ ಹಾರಿತು. ಅಧ್ಯಕ್ಷರು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಕೊಳ ಕೂಡಲೇ ಬೆಚ್ಚಗಾಯಿತಾ? ಇಲ್ಲ. ಸುಳ್ಳು ಹೇಳಿ ಯಾಕೆ ಸರಕು ಮಾರಲಿ? ಅಷ್ಟು ನೀರು ನಿಧಾನಕ್ಕೆ ಕಾಯೋದು. ಹಗಲೆಲ್ಲ ಕಾಯಿತು. ಸಂಜೆ ಊರವರು ಸೇರಿ ಹೊದಿಕೆ ತಂದರು. ಧೂಳು ಕೊಡವಿದರು. ಈ ಸಲ ಯಾರೂ ಅದರ ಮೇಲೆ ಕೂರಲಿಲ್ಲ. ಕೊಳಕ್ಕೆ ಹೊದಿಸಿದರು. ಕೊಳ ಬೆಚ್ಚಗೆ ಮಲಗಿತು. ಬಿಸಿಪಂಪು ಮೈ ತೆರೆದುಕೊಂಡು ಬಯಲಲ್ಲಿ ಕೂತಿತು. ಹೊದಿಕೆ ಬೇಕಾದವರಿಗೆ ಹೊದಿಕೆ. ಗಾಳಿ ಬೇಕಾದವರಿಗೆ ಗಾಳಿ.

ಬೆಳಗಾಯಿತು. ಅಜ್ಜಿ ಕೊಳಕ್ಕೆ ಕಾಲಿಟ್ಟಳು. "ಹಾ," ಅಂದಳು. ಆ ದಂಡೆಗೆ ನಡೆದಳು. ಈ ದಂಡೆಗೆ ನಡೆದಳು. ಮೊಣಕಾಲು ಮುನಿಸು ಬಿಟ್ಟಿತು. ಮೇಲೆ ಬಂದಳು. ಅಧ್ಯಕ್ಷರು ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಲಿಗೂ ಮರ್ಯಾದೆ ಉಳಿಯಿತು.

ಅಜ್ಜಿ ಜಗಲಿ ಮೇಲೆ ಕೂತಳು. ಈಗ ನೀವೂ ನನ್ನ ಜೊತೆ ಹೇಳಿ.

ಮೇಕೆ ಎದ್ದಿತು.
ಬಿಂದಿಗೆ ತುಂಬಿತು.
ಗುಂಡಿ ನೆನೆಯಿತು.
ದಸ್ತಗೀರ್ ಮಾಮ ಸ್ವಿಚ್ಚು ಆರಿಸಿದರು.
ಅಧ್ಯಕ್ಷರು ಕೈ ಹಾಕಿದರು.
ಶಾಲು ಇಳಿಯಿತು.
ಬಿಸಿಪಂಪು ಉಸಿರಾಡಿತು.
ಕೊಳ ಬೆಚ್ಚಗಾಯಿತು.
ಮೊಣಕಾಲು ಮಡಚಿತು.
ಚೆಲುವಿಗೆ ಮಡಿಲು ಸಿಕ್ಕಿತು.

ಚೆಲುವಿ ಕೂತಳು. ಜಾರಲಿಲ್ಲ. ಅಜ್ಜಿ ಶಾಲಿನ ಅರ್ಧ ತೆಗೆದು ಅವಳಿಗೂ ಹೊದಿಸಿದಳು.

ನೀವು ಹೂಂ ಕೊಟ್ಟಿರಿ. ನಾನು ಕಥೆ ಕೊಟ್ಟೆ. ಸರಿಗೆ ಸರಿ ಆಯಿತು. ಮಲಗಿ.